ಕಾಯಕಯೋಗಿ ರಟ್ರೇಯವರ ಬಾಲ್ಯ

ಸೆಪ್ಟೆಂಬರ್ ೨, ಮಂಗಳವಾರ

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ಇನ್ನೆರಡು ತಿಂಗಳಲ್ಲಿ ನಾನು ಕನ್ನಡದಲ್ಲಿ ಒಂದು ಪುಸ್ತಕ ಬರೆದು ಮುಗಿಸಬೇಕಾಗಿದೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ನಾನು ಬರೆಯುವುದು ಹಾಲಿನವನಿಗೆ ಚೀಟಿ ಮಾತ್ರ. ನಲವತ್ತಾರನೆಯ ವಯಸ್ಸಿನಲ್ಲಿ ಕೈ ಪಳಗಲಿ ಎಂದು ಈ ದಿನಚರಿ.

ವಿಷಯ ಇಷ್ಟು. ನಮ್ಮ ಕಂಪನಿ ಎಡಿನ್‌ಬರೊದ್ದು, ಪಿಂಚಣಿ ವ್ಯವಹಾರ. ಅದರ ಲೆಕ್ಕಪತ್ರದ ಕೆಲಸ ಬಿಟಿಎಂ ಲೇಔಟಿನ ನಮ್ಮ ಆಫೀಸಿನಲ್ಲೂ ಪೋಲೆಂಡಿನ ಇನ್ನೊಂದು ಆಫೀಸಿನಲ್ಲೂ ನಡೆಯುತ್ತದೆ. ಎರಡು ಬೇಡ, ಒಂದು ಸಾಕು ಎಂದು ಮೇಲಿನವರಿಗೆ ಅನ್ನಿಸಿದೆ. ಯಾವುದನ್ನು ಮುಚ್ಚಬೇಕೆಂದು ತೀರ್ಮಾನಿಸುವವರು ಮುಖ್ಯ ಹಣಕಾಸು ಅಧಿಕಾರಿ ಡೂಗಲ್ಡ್ ರಟ್ರೇ. ನವೆಂಬರಿನಲ್ಲಿ ಅವರು ಇಲ್ಲಿಗೆ ಬರುತ್ತಾರೆ. ಅದೇ ತಿಂಗಳು ಅವರಿಗೆ ಅರವತ್ತು ತುಂಬುತ್ತದೆ.

ನಮ್ಮ ಆಫೀಸಿನ ಮುಖ್ಯಸ್ಥರಾದ ಬಸವಪ್ರಸಾದ್ ಇವತ್ತು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ಶಿಲ್ಪಶ್ರೀ, ಪೋಲೆಂಡ್‌ನವ್ರು ಏನ್ ಮಾಡ್ತಾರೆ? ಪಿಪಿಟಿ ತೋರಿಸ್ತಾರೆ. ನಾವೂ ಪಿಪಿಟಿ ತೋರಿಸಿದ್ರೆ ಸಮಸಮ ಆಯ್ತು. ಅವರ ಕೈಲಿ ಆಗ್ದೇ ಇರೋದು, ನಮ್ಮ ಕೈಲಿ ಆಗೋದು ಏನು ಹೇಳಿ?"

"ಏನ್ ಸಾರ್?"

"ಸನ್ಮಾನ."

ಆಫೀಸಿನ ರಾಜ್ಯೋತ್ಸವದ ವೇದಿಕೆಯಲ್ಲಿ ರಟ್ರೇಯವರಿಗೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಜೊತೆಗೆ ಒಂದು ಅಭಿನಂದನಾ ಗ್ರಂಥ: ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್, ಅವರ ಜೀವನ ಮತ್ತು ಸಾಧನೆ.

"ಅವರ ತಿಂಗಳ ವರದಿ, ಭಾಷಣ ಎಲ್ಲಾ ನೀವೇ ತಾನೇ ಬರೆಯೋದು," ಎಂದರು. "ಜೀವನಾನೂ ಬರೆದುಬಿಡಿ."

ಪೋಲೆಂಡಿನಲ್ಲಿ ನನ್ನದೇ ಕೆಲಸ ಮಾಡುವವಳು ಅಗ್ನೆಶ್ಕಾ. ಪ್ರತಿ ಗುರುವಾರ ಮಾತಾಡುತ್ತೇವೆ. ಅವಳಿಗೂ ಮನೆಯಿದೆ, ಮಗನಿದ್ದಾನೆ. ನಮ್ಮ ಆಫೀಸು ಉಳಿದರೆ ಅವಳದಿಲ್ಲ. ಇದನ್ನು ದಾರಿಯುದ್ದಕ್ಕೂ ಯೋಚಿಸಿದೆ. ನಾನು ನಿಜವನ್ನಷ್ಟೇ ಬರೆಯುವುದಾದರೆ ಯಾರಿಗೂ ಅನ್ಯಾಯ ಮಾಡಿದಂತಾಗುವುದಿಲ್ಲ ಎಂದುಕೊಂಡೆ. ಬಸವಪ್ರಸಾದರಿಗೂ ಅದನ್ನೇ ಹೇಳಿ ಬಂದಿದ್ದೆ.

"ಮತ್ತೆ? ಸುಳ್ಳು ಬರೀರಿ ಅಂದ್ನಾ ನಾನು?" ಎಂದಿದ್ದರು.

ಸೆಪ್ಟೆಂಬರ್ ೯, ಮಂಗಳವಾರ

ರಟ್ರೇಯವರ ಜೊತೆ ಅರ್ಧ ಗಂಟೆ ಫೋನಿನಲ್ಲಿ ಮಾತಾಯಿತು. ಇಷ್ಟು ವರ್ಷ ಅವರ ಹೆಸರಿನಲ್ಲಿ ಬರೆದಿದ್ದೇನೆ, ಅವರ ಬಗ್ಗೆ ಒಂದು ಸಾಲೂ ಗೊತ್ತಿರಲಿಲ್ಲ.

ಸ್ಕಾಟ್ಲೆಂಡಿನ ಪರ್ತ್ ಎಂಬ ಊರು. ತಂದೆ ದಂತವೈದ್ಯರಾಗಿದ್ದರು. ತಾಯಿ ಇಸ್ಪೀಟು ಕ್ಲಬ್ಬಿನ ಕಾರ್ಯದರ್ಶಿ. ಮನೆಯಲ್ಲಿ ರೋವರ್ ಕಾರು. ಒಳ್ಳೆಯ ವಸತಿಶಾಲೆ. ಚಾರ್ಟರ್ಡ್ ಅಕೌಂಟೆಂಟ್. ಮೊದಲು ಒಂದು ಬ್ಯಾಂಕು, ಆಮೇಲೆ ಒಂದು ವಿಮಾ ಕಂಪನಿ, ಆಮೇಲೆ ನಾವು. ಒಂದು ಮದುವೆ, ಒಂದು ವಿಚ್ಛೇದನ, ಬೇರೆ ಊರುಗಳಲ್ಲಿರುವ ಇಬ್ಬರು ಹೆಣ್ಣುಮಕ್ಕಳು. ಬಿಡುವಿದ್ದಾಗ ಗುಡ್ಡ ಹತ್ತುತ್ತಾರೆ.

ಜೀವನದಲ್ಲಿ ಎದುರಿಸಿದ ಕಷ್ಟ ಯಾವುದಾದರೂ ಇದೆಯೇ ಎಂದು ಕೇಳಿದೆ. ಒಮ್ಮೆ ಆಡಿಟ್‌ಗೆ ಹೋಗುವಾಗ ಪೆಟ್ಟಿಗೆ ಬೇರೆ ವಿಮಾನದಲ್ಲಿ ಹೋಗಿತ್ತು ಎಂದರು. ಆಮೇಲೆ, "ನನಗೆ ನಿಜವಾಗಿ ಏನೂ ಆಗಿಲ್ಲ. ಕ್ಷಮಿಸಿ," ಎಂದರು.

ಆ ಕ್ಷಮೆ ಕೇಳಿದ್ದು ನನಗೆ ಹಿಡಿಸಿತು. ಅದನ್ನು ಪುಸ್ತಕಕ್ಕೆ ಹಾಕುವಂತಿಲ್ಲ.

ಸೆಪ್ಟೆಂಬರ್ ೧೪, ಭಾನುವಾರ

ಮೊದಲ ಅಧ್ಯಾಯವನ್ನು ಮಾವನವರಿಗೆ ಕೊಟ್ಟೆ. ನನ್ನ ಮಾವ ಕೊಟ್ರಪ್ಪನವರು ನಿವೃತ್ತ ಹೆಡ್‌ಮಾಸ್ಟರ್. ನಿವೃತ್ತರಾದ ಮೇಲೆ ಅವರು ಮಾಡಿದ ಕೆಲಸವೆಂದರೆ ಬೇರೆ ನಿವೃತ್ತರ ಅಭಿನಂದನಾ ಗ್ರಂಥಗಳನ್ನು ಸಂಪಾದಿಸಿದ್ದು. ಬನಶಂಕರಿಯಿಂದ ಸುಬ್ರಹ್ಮಣ್ಯಪುರದವರೆಗೆ ಅವರ ಕೈಯಿಂದ ಪಾರಾದ ದೊಡ್ಡ ಮನುಷ್ಯರಿಲ್ಲ. ಕನ್ನಡಕ ಏರಿಸಿ ಓದಿದರು, ಹಾಳೆ ತಿರುವಿ ಹಿಂದೆ ನೋಡಿದರು.

"ಎಲ್ಲಮ್ಮ ಬಡತನ?"

"ಇಲ್ಲ ಮಾವ. ಅವರು ಬಡವರಲ್ಲ."

"ಯಾರು ಹೇಳಿದ್ದು?"

"ಅವರೇ."

"ದೊಡ್ಡೋರು ಹಂಗೇ ಅಂತಾರೆ. ಬಾಯಿ ಬಿಟ್ಟು ಹೇಳ್ಕೊಳ್ಳಲ್ಲ. ಅದಕ್ಕೇ ನಾವು ಬರೆಯೋದು." ಬೆರಳು ಮಡಿಸುತ್ತ ಹೋದರು. "ಹುಟ್ಟೂರು, ಬಡತನ, ತಾಯಿ, ಬರಿಗಾಲು, ಬೀದಿದೀಪ, ಗುರುಗಳು, ನೌಕರಿ, ವರ್ಗಾವಣೆ, ಪ್ರಾಮಾಣಿಕತೆ. ಇಷ್ಟಿದ್ರೆ ಗ್ರಂಥ. ಬೀದಿದೀಪದಲ್ಲಿ ಓದ್ದೇ ಇರೋರ ಒಬ್ಬರ ಗ್ರಂಥಾನೂ ನಾನು ಮಾಡಿಲ್ಲ. ನೀನು ನೋಡಿದ್ರೆ ಕಾರಿತ್ತು ಅಂತ ಬೇರೆ ಬರ್ದಿದೀಯ."

"ಇತ್ತಂತೆ ಮಾವ. ರೋವರ್."

"ಕೆಟ್ಟು ನಿಂತಿರಬಹುದು ಅಲ್ವಾ?"

ಕಾರು ಆಗಾಗ ಕೆಟ್ಟು ನಿಲ್ಲುತ್ತಿತ್ತು ಎಂದು ಸೇರಿಸಿದೆ. ಯಾವ ಕಾರೂ ಎಂದಾದರೊಂದು ದಿನ ಕೆಡುತ್ತದೆ, ಆದ್ದರಿಂದ ಇದು ಸುಳ್ಳಲ್ಲ. ಈ ವಾದ ನನಗೆ ಹಿಡಿಸಲಿಲ್ಲ. ಅಳಿಸಲೂ ಇಲ್ಲ. ಪುಸ್ತಕದ ಹೆಸರು ಮಾವನವರದು: 'ಕಾಯಕಯೋಗಿ'.

ಸೆಪ್ಟೆಂಬರ್ ೨೨, ಸೋಮವಾರ

ಕಾರು ಕೆಟ್ಟಿದ್ದರಿಂದ ಹುಡುಗ ಶಾಲೆಗೆ ನಡೆಯಬೇಕಾಯಿತು. ಸ್ಕಾಟ್ಲೆಂಡ್ ಆದ್ದರಿಂದ ಮಂಜು ಬಿತ್ತು. ಮಂಜಿನಲ್ಲಿ ನಡೆದಿದ್ದರಿಂದ ಶೂ ಸವೆಯಿತು. ಒಂದೊಂದು ಸಾಲೂ ಹಿಂದಿನದರಿಂದ ತಾನಾಗಿ ಬಂತು. ನಾನು ತಡೆಯಬಹುದಾಗಿದ್ದ ಜಾಗ ಯಾವುದೆಂದು ಹುಡುಕಿದೆ, ಸಿಗಲಿಲ್ಲ.

ಮನಸ್ಸು ತಡೆಯದೆ ಅಧ್ಯಾಯವನ್ನು ರಟ್ರೇಯವರಿಗೇ ಒಪ್ಪಿಗೆಗೆ ಕಳಿಸಿದ್ದೆ. ನಮ್ಮಲ್ಲಿ ಒಂದು ಪದ್ಧತಿಯಿದೆ: ಮೂರು ಕೆಲಸದ ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿದಂತೆ. ರಟ್ರೇಯವರು ಯಾವುದಕ್ಕೂ ಉತ್ತರ ಕೊಟ್ಟವರಲ್ಲ. ಅವರ ಹೆಸರಿನ ವರದಿಗಳೆಲ್ಲ ಹೀಗೆಯೇ ಪಾಸಾಗಿವೆ. ಇವತ್ತಿಗೆ ಮೂರು ದಿನ ಮುಗಿಯಿತು.

ಆದ್ದರಿಂದ, ಕಂಪನಿಯ ನಿಯಮದ ಪ್ರಕಾರ, ಅವರು ಮಂಜಿನಲ್ಲಿ ನಡೆದರು.

ಸೆಪ್ಟೆಂಬರ್ ೨೬, ಶುಕ್ರವಾರ

ಲತಾಮಣಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಪೇರೋಲ್ ವಿಭಾಗದ ಹುಡುಗಿ, ಸಿದ್ದಾಪುರದವಳು. ಅವಳ ಸಂಬಳದ ಮೇಲೆ ಮನೆ ನಡೆಯುತ್ತದೆ. ಆಫೀಸು ಮುಚ್ಚಿದರೆ ಮೊದಲು ಮುಳುಗುವವಳು ಅವಳೇ.

"ಮೇಡಂ, ಸಾಹೇಬ್ರ ತಾಯಿ ಬಗ್ಗೆ ಏನ್ ಬರೆದ್ರಿ?"

"ಇನ್ನೂ ಇಲ್ಲ. ಇಸ್ಪೀಟು ಆಡ್ತಿದ್ರಂತೆ."

ಅವಳ ಮುಖ ಸಪ್ಪಗಾಯಿತು. "ನಮ್ಮಮ್ಮ ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ಇದ್ರು ಮೇಡಂ. ಅಲ್ಲಿ ಉಳಿದ ಬಟ್ಟೆ ತುಂಡೆಲ್ಲ ತಂದು ನನ್ ಯೂನಿಫಾರಂ ಹೊಲೀತಿದ್ರು. ಅಂಗಿ ಒಂದ್ ಕಲರ್ ಆದ್ರೆ ಜೇಬಿಗೆ ಅದೇ ಕಲರ್ ಸಿಕ್ತಿರ್ಲಿಲ್ಲ. ನಾನು ಸ್ಕೂಲಲ್ಲಿ ಯಾವಾಗ್ಲೂ ಹಿಂಗೆ," ಎಂದು ಎದೆಯ ಮೇಲೆ ಅಂಗೈ ಇಟ್ಟು ತೋರಿಸಿದಳು, "ಜೇಬು ಮುಚ್ಕೊಂಡೇ ಇರ್ತಿದ್ದೆ. ಪ್ರೇಯರಲ್ಲಿ ಎಲ್ರೂ ನಂಗೆ ದೇಶಭಕ್ತಿ ಜಾಸ್ತಿ ಅನ್ಕೊಂಡಿದ್ರು." ಹೋಗುವ ಮುನ್ನ ಹೇಳಿದಳು, "ಬೇಕಾದ್ರೆ ಹಾಕ್ಕೊಳಿ ಮೇಡಂ. ನಂಗೆ ಬೇಡ ಅದು."

ಹಾಕಿಕೊಂಡೆ. ಇಸ್ಪೀಟು ಕ್ಲಬ್ಬಿಗಿಂತ ಎಷ್ಟೋ ಮೇಲು.

ಅಕ್ಟೋಬರ್ ೩, ಶುಕ್ರವಾರ

ಇವತ್ತು ದಂತವೈದ್ಯರು ತೀರಿಕೊಂಡರು. ಬೇರೆ ದಾರಿ ಇರಲಿಲ್ಲ. ಗಂಡ ಸಂಪಾದಿಸುತ್ತಿದ್ದರೆ ತಾಯಿ ಯಾಕೆ ತುಂಡು ಬಟ್ಟೆ ಹೊಲಿಯಬೇಕು ಎಂದು ಮಾವ ಕೇಳಿದರು.

ಕೆಮ್ಮು. ಎರಡನೆಯ ಅಧ್ಯಾಯದ ಕೊನೆಯಲ್ಲಿ. ಹಳದಿ ಲೈನಿನ ಮೆಟ್ರೊ ರೈಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನಲ್ಲೇ ಬರೆದೆ. ಹೆಚ್ಚು ನರಳಿಸಲಿಲ್ಲ.

ಅಕ್ಟೋಬರ್ ೮, ಬುಧವಾರ

ಮೂರು ದಿನ ಕಳೆಯಿತು. ಸಾವಿಗೆ ಒಪ್ಪಿಗೆ ಸಿಕ್ಕಿದೆ.

ಅಕ್ಟೋಬರ್ ೧೪, ಮಂಗಳವಾರ

ಲತಾಮಣಿ ಯಾರಿಗೋ ಹೇಳಿದ್ದಾಳೆ. ಊಟದ ಹೊತ್ತಿನಲ್ಲಿ ನನ್ನ ಮೇಜಿನ ಮುಂದೆ ಜನ ನಿಂತಿರುತ್ತಾರೆ. ಎಲ್ಲರಿಗೂ ತಮ್ಮದೊಂದು ಕಷ್ಟವನ್ನು ರಟ್ರೇಯವರಿಗೆ ಕೊಡಬೇಕಾಗಿದೆ. ಆಫೀಸಿನ ಡ್ರೈವರ್ ಸಂಜೀವಯ್ಯನವರು ಒಂದು ನಾಯಿ ಕೊಟ್ಟರು. ಅವರು ಶಾಲೆಗೆ ಹೋಗುವಾಗ ಊರ ಬಾಗಿಲ ತನಕ ಬಂದು, ಸಂಜೆ ವಾಪಸು ಬರುವವರೆಗೆ ಅಲ್ಲೇ ಕೂತಿರುತ್ತಿದ್ದ ನಾಯಿಯಂತೆ.

"ಕೊನೆಗೆ ಏನಾಯ್ತು?" ಎಂದು ಕೇಳಿದೆ.

"ಸ್ಕೂಲ್ ಬಿಟ್ಟೆ ಮೇಡಂ. ಅದು ದಿನಾ ಹೋಗಿ ಕೂರ್ತಾನೇ ಇತ್ತು."

ಬಸವಪ್ರಸಾದ್ ಕೂಡ ಬಂದರು. ಹತ್ತನೇ ಕ್ಲಾಸಿನಲ್ಲಿ ಅವರು ಗಣಿತದಲ್ಲಿ ಫೇಲಾಗಿದ್ದರಂತೆ. ಹಣಕಾಸು ಅಧಿಕಾರಿಗೆ ಅದು ಸರಿಹೊಂದುವುದಿಲ್ಲ ಎಂದೆ.

"ಒಂದೇ ಸಲ, ಮೇಡಂ. ಸಪ್ಲಿಮೆಂಟರೀಲಿ ಪಾಸ್ ಮಾಡ್ಸಿ."

ಅವರು ನನ್ನನ್ನು ಮೇಡಂ ಎಂದದ್ದು ಇದೇ ಮೊದಲು. ಒಂದು ಸಲಕ್ಕೆ ಒಪ್ಪಿದೆ.

ನಾನೂ ಒಂದು ಸೇರಿಸಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಜಯನಗರದಲ್ಲಿ ಸಂಜೆ ಕರೆಂಟು ಹೋಗುತ್ತಿತ್ತು. ಟ್ಯೂಷನ್ ಮುಗಿಸಿ ಬರುವಾಗ ಅಮ್ಮ ಗೇಟಿನ ಹತ್ತಿರ ಟಾರ್ಚ್ ಹಿಡಿದು ನಿಂತಿರುತ್ತಿದ್ದಳು. ಅಮ್ಮ ಹೋಗಿ ಎಂಟು ವರ್ಷವಾಯಿತು. ಅವಳು ಹಾಗೆ ನಿಂತದ್ದು ನನ್ನೊಬ್ಬಳಿಗೇ ನೆನಪಿರುವ ಸಂಗತಿ. ರಟ್ರೇಯವರ ಹತ್ತಿರವೂ ಒಂದು ಪ್ರತಿ ಇರಲಿ ಅನ್ನಿಸಿತು. ಒಂದೇ ಸಾಲು.

ಅಕ್ಟೋಬರ್ ೧೭, ಶುಕ್ರವಾರ

ಮೊದಲ ಬಾರಿಗೆ ಅವರೇ ಫೋನ್ ಮಾಡಿದರು. ಓದಿದ್ದಾರೆ. ಎರಡು ಸಲ ಓದಿದ್ದಾರೆ.

ಕ್ಷಮೆಯ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅವರು ಕೇಳಿದ್ದು ಬೇರೆ.

"ನಾಯಿಯ ಹೆಸರು ಯಾಕೆ ಬರೆದಿಲ್ಲ?"

"ಅದು ನಿಮಗೇ ಗೊತ್ತಿರಬೇಕು, ಸರ್."

"ಬ್ರಾನ್," ಎಂದರು. "ಬ್ರಾನ್ ಇರಬೇಕು. ಕಂದು ಬಣ್ಣದ್ದು."

"ಕಪ್ಪು," ಎಂದೆ. ಸಂಜೀವಯ್ಯನವರು ಕಪ್ಪು ಎಂದು ಸ್ಪಷ್ಟವಾಗಿ ಹೇಳಿದ್ದರು.

"ಹೌದು. ಕಪ್ಪು," ಎಂದರು. ಅವರ ದನಿ ಬೇರೆಯಾಗಿತ್ತು. ಮುಂದಿನ ಅಧ್ಯಾಯ ಯಾವಾಗ ಎಂದು ಕೇಳಿದರು. ಹಾಸ್ಟೆಲಿನಲ್ಲಿ ತಮಗೆ ಊಟ ಸಿಗುತ್ತಿತ್ತೇ ಎಂದು ಕೇಳಿದರು. ಒಂದು ಹೊತ್ತು ಸಿಗುತ್ತಿತ್ತು ಎಂದೆ.

ಅಕ್ಟೋಬರ್ ೨೨, ಬುಧವಾರ

ಬಲಿಪಾಡ್ಯಮಿ. ಮಗಳು ಸ್ಪಂದನಾ ಜೆಪಿ ನಗರದ ಗೆಳತಿಯ ಮನೆಗೆ ಕ್ಯಾಬ್ ಬುಕ್ ಮಾಡು ಎಂದಳು. ನಡೆದು ಹೋಗುವಷ್ಟೇ ದೂರ. ಈ ವಯಸ್ಸಿನಲ್ಲಿ ರಟ್ರೇಯವರು ಮೊಣಕಾಲುದ್ದ ಮಂಜಿನಲ್ಲಿ ನಡೆಯುತ್ತಿದ್ದರು ಎಂದೆ.

"ಅಮ್ಮ, ಆ ಮಂಜು ಬೀಳಿಸಿದ್ದೇ ನೀನು."

"ಯಾರು ಬೀಳಿಸಿದ್ರೇನು? ನಡೆದಿದ್ದು ಅವರು ತಾನೇ?"

ಅವಳು ಅಜ್ಜನ ಕಡೆ ತಿರುಗಿದಳು. "ಅಜ್ಜ, ಅಮ್ಮಂಗೆ ಏನೋ ಆಗಿದೆ."

"ಸಂಪಾದಕಿ ಆಗಿದಾಳೆ, ಬಿಡು," ಎಂದರು ಮಾವ.

ಈಗಿನ ಮಕ್ಕಳಿಗೆ ಬೇರೆಯವರ ಕಷ್ಟ ಅರ್ಥವಾಗುವುದಿಲ್ಲ.

ಅಕ್ಟೋಬರ್ ೩೦, ಗುರುವಾರ

ನವೆಂಬರಿಗೆ ನೀವು ಏನು ತಯಾರಿ ಮಾಡುತ್ತಿದ್ದೀರಿ ಎಂದು ಅಗ್ನೆಶ್ಕಾ ಕೇಳಿದಳು. ಹಬ್ಬ ಎಂದೆ. ಅದು ನಿಜ. ಅವರು ನೂರು ಸ್ಲೈಡ್ ಮಾಡಿದ್ದಾರಂತೆ. ಮುಂದಿನ ಗುರುವಾರಗಳಲ್ಲಿ ನನಗೆ ಬಿಡುವಿಲ್ಲ ಎಂದು ಹೇಳಿದೆ.

ಪುಸ್ತಕ ಅಚ್ಚಿಗೆ ಹೋಯಿತು. ಕೊನೆಯ ಪುಟದಲ್ಲಿ ಸಂಪಾದಕಿಯ ಫೋನ್ ನಂಬರ್ ಇರಲೇಬೇಕು ಎಂದು ಮಾವ ಹಟ ಹಿಡಿದು ಹಾಕಿಸಿದರು. ಓದುಗರು ಪ್ರತಿಕ್ರಿಯಿಸುತ್ತಾರಂತೆ.

ನವೆಂಬರ್ ೧೪, ಶುಕ್ರವಾರ

ಜೆಪಿ ನಗರದ ಸಭಾಭವನ. ಬಾಗಿಲಲ್ಲಿ ಬಾಳೆಕಂದು, ನಾದಸ್ವರ, ರಟ್ರೇಯವರ ಚಿತ್ರವಿರುವ ಫ್ಲೆಕ್ಸ್. ಚಿತ್ರದ ಕೆಳಗೆ 'ಬಡತನದಲ್ಲಿ ಅರಳಿದ ಕಾಯಕಯೋಗಿಗೆ ಹೃತ್ಪೂರ್ವಕ ಸ್ವಾಗತ'.

ಅವರನ್ನು ಮೊದಲ ಬಾರಿ ಎದುರಿಗೆ ನೋಡಿದೆ. ನಾನು ಅಂದುಕೊಂಡದ್ದಕ್ಕಿಂತ ಎತ್ತರ, ನಾನು ಬರೆದದ್ದಕ್ಕಿಂತ ದಪ್ಪ. ಕಾರಿನಿಂದಿಳಿದವರು ಎಡ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ನಡೆದು ಬಂದರು. ಸೂಟಿನ ಜೇಬು ಮುಚ್ಚಿತ್ತು. ನನ್ನ ಪಕ್ಕದಲ್ಲಿದ್ದ ಲತಾಮಣಿ, "ಮೇಡಂ, ನೋಡಿ," ಎಂದು ಪಿಸುಗುಟ್ಟಿ ನನ್ನ ಕೈ ಹಿಡಿದಳು.

ಪೇಟ ಅವರ ತಲೆಗೆ ಹಿಡಿಸಲಿಲ್ಲ. ಬಸವಪ್ರಸಾದ್ ಅದನ್ನು ಮೇಲಿಂದ ಒತ್ತಿದರು. ಕಡೆಗೆ ಸಂಜೀವಯ್ಯನವರು ಬಂದು ಹಿಂದಿನ ಹೊಲಿಗೆ ಬಿಚ್ಚಿ ಕೂರಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಆದವು. ಅಧ್ಯಕ್ಷತೆ ವಹಿಸಿದ್ದ ಮಾವನವರು ಬಿನ್ನವತ್ತಳೆ ಓದಿದರು. 'ಹಸಿವನ್ನೇ ಗುರುವಾಗಿಸಿಕೊಂಡ' ಎಂಬಲ್ಲಿ ರಟ್ರೇಯವರು ಕಣ್ಣು ಒರೆಸಿಕೊಂಡರು. ಕನ್ನಡ ಬಾರದವರು ಸರಿಯಾದ ಜಾಗದಲ್ಲಿ ಹೇಗೆ ಅತ್ತರೋ.

ಆಮೇಲೆ ಅವರು ಮಾತಾಡಿದರು. ನಾನು ಬರೆದುಕೊಟ್ಟ ಭಾಷಣವನ್ನು ಜೇಬಿನಿಂದ ತೆಗೆಯಲಿಲ್ಲ. ಮಂಜು, ಬ್ರಾನ್, ಸಪ್ಲಿಮೆಂಟರಿ ಪರೀಕ್ಷೆ, ತಂದೆಯ ಕೆಮ್ಮು ಎಲ್ಲ ಬಂತು. ಸಭೆಯಲ್ಲಿ ಒಬ್ಬೊಬ್ಬರೂ ತಮ್ಮತಮ್ಮ ಭಾಗ ಬಂದಾಗ ಅತ್ತರು. ಗಣಿತ ಬಂದಾಗ ಬಸವಪ್ರಸಾದ್ ವೇದಿಕೆಯ ಮೇಲೇ ಕರವಸ್ತ್ರ ತೆಗೆದರು. ಕೊನೆಗೆ ಟಾರ್ಚಿನ ಮಾತು.

"ನನ್ನ ತಾಯಿ ಬೆಳಕನ್ನು ದಾರಿಯ ಮೇಲೆ ಬಿಡುತ್ತಿದ್ದಳು," ಎಂದರು. "ನನ್ನ ಮುಖದ ಮೇಲೆ ಒಂದು ದಿನವೂ ಬಿಡಲಿಲ್ಲ. ಹಾಗಾಗಿ ನಾನು ದಾರಿ ನೋಡಿದೆ, ಅವಳನ್ನು ನೋಡಲಿಲ್ಲ."

ನನ್ನ ಅಮ್ಮನೂ ಹಾಗೆಯೇ ಮಾಡುತ್ತಿದ್ದಳು. ಅದನ್ನು ನಾನು ಪುಸ್ತಕದಲ್ಲಿ ಬರೆದಿರಲಿಲ್ಲ.

"ಅಂಥ ಮನೆಯಿಂದ ಬಂದವನು ಇನ್ನೊಬ್ಬರ ಮನೆಯ ಒಲೆ ಆರಿಸಲಾರ. ಬೆಂಗಳೂರಿನ ಆಫೀಸು ಮುಚ್ಚುವುದಿಲ್ಲ."

ಆಮೇಲೆ ಏನೂ ಕೇಳಿಸಲಿಲ್ಲ. ಕುರ್ಚಿಗಳು ಉರುಳಿದವು. ಲತಾಮಣಿ ನೆಲದ ಮೇಲೆ ಕೂತುಬಿಟ್ಟಳು.

ಊಟದ ಹೊತ್ತಿನಲ್ಲಿ ಅವರ ಹತ್ತಿರ ಹೋದೆ. ನಾಯಿಯ ಪ್ರಸಂಗ ಹಾಸ್ಟೆಲಿಗಿಂತ ಮೊದಲು ಬರಬೇಕು, ಅವರು ತಿರುಗುಮುರುಗು ಹೇಳಿದರು ಎಂದು ತಿಳಿಸಿದೆ. ಹೋಳಿಗೆ ಕೈಯಲ್ಲಿ ಹಿಡಿದು ಗಮನವಿಟ್ಟು ಕೇಳಿಕೊಂಡರು. ಇನ್ನು ಮುಂದೆ ಎಚ್ಚರ ವಹಿಸುತ್ತೇನೆ ಎಂದರು.

ನವೆಂಬರ್ ೨೧, ಶುಕ್ರವಾರ

ಎಡಿನ್‌ಬರೊದ ನಿರ್ದೇಶಕ ಮಂಡಳಿಗೆ ಸಿಟ್ಟು ಬಂದಿದೆ. ಅಂಕಿಅಂಶಗಳ ಮೇಲೆ ನಿಮ್ಮ ತೀರ್ಮಾನ ನಿಲ್ಲುವುದಿಲ್ಲ, ಸೋಮವಾರದೊಳಗೆ ಮತ್ತೆ ಯೋಚಿಸಿ 'ಹೌದು' ಅಥವಾ 'ಇಲ್ಲ' ಹೇಳಿ ಎಂದು ರಟ್ರೇಯವರಿಗೆ ತಿಳಿಸಿದ್ದಾರಂತೆ. ಬೆಂಗಳೂರನ್ನು ಉಳಿಸಲು ಅವರು ಹೌದು ಎಂದರೆ ಮಂಡಳಿ ಒಪ್ಪಲೇಬೇಕು. ಅವರ ಅಧಿಕಾರ ಅಷ್ಟಿದೆ. ಬಸವಪ್ರಸಾದ್ ಇದನ್ನು ಹೇಳುವಾಗ ಕುರ್ಚಿಯ ಹಿಡಿಯನ್ನು ಉಜ್ಜುತ್ತಲೇ ಇದ್ದರು.

"ಮನುಷ್ಯ ವೀಕು, ಶಿಲ್ಪಶ್ರೀ. ಅಲ್ಲಿ ಹೋದ್ಮೇಲೆ ಕರಗ್ತಿದಾನೆ. ಫೋನ್ ಮಾಡಿದ್ರೆ 'ಐ ಸೀ, ಐ ಸೀ' ಅಂತಾನೆ. ಬ್ರಾನ್ ಹೆಂಗಿದ್ದ ಸಾರ್ ಅಂತ ಕೇಳ್ದೆ. 'ಯಾವ ಬ್ರಾನ್' ಅಂದ."

ನನಗೆ ಸಂಕಟವಾಯಿತು. ಆಫೀಸಿಗಾಗಿಯೋ ನಾಯಿಗಾಗಿಯೋ ತಿಳಿಯಲಿಲ್ಲ.

ನವೆಂಬರ್ ೨೨, ಶನಿವಾರ

ಮಧ್ಯಾಹ್ನ ಜಯನಗರ ಕಾಂಪ್ಲೆಕ್ಸಿನಲ್ಲಿ ಸೊಪ್ಪು ಆರಿಸುತ್ತಿದ್ದಾಗ ವಿದೇಶದ ನಂಬರಿನಿಂದ ಫೋನ್ ಬಂತು. ವಯಸ್ಸಾದ ಗಂಡಸಿನ ದನಿ, ಆದರೆ ಗಟ್ಟಿ. ಮಾತೆಲ್ಲ ಇಂಗ್ಲಿಷಿನಲ್ಲಿ ಆಯಿತು, ನೆನಪಿದ್ದಷ್ಟು ಬರೆಯುತ್ತೇನೆ.

"ನನ್ನ ಹೆಸರು ವಾಲ್ಟರ್ ರಟ್ರೇ. ಪರ್ತ್‌ನಿಂದ. ನಿಮ್ಮ ಪುಸ್ತಕದ ಎರಡನೆಯ ಅಧ್ಯಾಯದ ಕೊನೆಯಲ್ಲಿ ತೀರಿಕೊಂಡವನು."

ಸೊಪ್ಪನ್ನು ಕೆಳಗಿಟ್ಟೆ. "ನಮಸ್ಕಾರ, ಸರ್. ಹೇಗಿದ್ದೀರಿ?"

"ತೊಂಬತ್ತಕ್ಕೆ ಪರವಾಗಿಲ್ಲ."

ಬೈಯಲು ಫೋನ್ ಮಾಡಿರಬೇಕು ಎಂದುಕೊಂಡೆ. ಅವರು ಬೈಯಲಿಲ್ಲ. ಮಗ ವರ್ಷಗಟ್ಟಲೆ ಮನೆಗೆ ಬಂದಿರಲಿಲ್ಲವಂತೆ, ಕ್ರಿಸ್‌ಮಸ್‌ಗೆ ಒಂದು ಕಾರ್ಡ್ ಅಷ್ಟೆ. ಕಳೆದ ಭಾನುವಾರ ಇದ್ದಕ್ಕಿದ್ದಂತೆ ಬಂದು, ಪಕ್ಕದಲ್ಲಿ ಕೂತು, ಪುಸ್ತಕವನ್ನು ಮೊದಲಿಂದ ಗಟ್ಟಿಯಾಗಿ ಓದಿದನಂತೆ.

"ನಾನು ಸತ್ತಾಗ ಇಬ್ಬರೂ ಅತ್ತೆವು. ನನಗಾಗಿ ಯಾರೂ ಹಾಗೆ ಅತ್ತಿರಲಿಲ್ಲ. ನನ್ನ ಹೆಂಡತಿ ಒಂದು ಗುಂಡಿ ಹೊಲಿದವಳಲ್ಲ. ಆದರೂ ಆ ಟಾರ್ಚಿನ ಸಾಲು ಬಂದಾಗ ಅವಳು ನಿಂತಿದ್ದು ನನಗೂ ಕಂಡ ಹಾಗಾಯಿತು."

"ಥ್ಯಾಂಕ್ಯೂ, ಸರ್," ಎಂದೆ.

"ಈಗ ಕೆಲಸದ ಮಾತು. ಡೂಗಿ ನಾಳೆ ಊಟಕ್ಕೆ ಬರುತ್ತಾನೆ. ಸೋಮವಾರ ಅವನು ನಿಮ್ಮ ಆಫೀಸಿನ ಬಗ್ಗೆ ಹೇಳಬೇಕು. ಚಿಕ್ಕಂದಿನಿಂದ ಅವನು ಹಾಗೆ, ಕೊನೆಗೆ ಯಾರು ಮಾತಾಡಿದರೋ ಅವರ ಮಾತು ಕೇಳುತ್ತಾನೆ. ಪುಸ್ತಕದ ಹುಡುಗ ಅವನಿಂದ ಜಾರಿ ಹೋಗುತ್ತಿದ್ದಾನೆ. ನನ್ನನ್ನು ನೋಡಲು ಬರುವವನು ಆ ಹುಡುಗ, ನನ್ನ ಮಗನಲ್ಲ. ಅರ್ಥವಾಯಿತೇ?"

ಅರ್ಥವಾಯಿತು ಎಂದೆ.

"ನಿಮ್ಮ ಪುಸ್ತಕದಲ್ಲಿ ನಾನು ಒಂದು ಮಾತೂ ಆಡದೆ ಸಾಯುತ್ತೇನೆ. ಏನಾದರೂ ಹೇಳಿದ್ದರೆ ಅದನ್ನೇ ನಾಳೆ ಹೇಳಬಹುದಿತ್ತು. ನಾನೇ ಯೋಚಿಸಿದೆ. ಹಲ್ಲಿನ ಬಗ್ಗೆ ಏನಾದರೂ?"

"ಬೇಡ, ಸರ್."

"ಗಾಲ್ಫ್ ಕ್ಲಬ್ಬಿನ ಸದಸ್ಯತ್ವ ಬಿಡಬೇಡ ಎಂದು?"

"ಆ ಅಧ್ಯಾಯದ ಮನುಷ್ಯ ಗಾಲ್ಫ್ ಆಡಿದವನಲ್ಲ."

"ಹೌದು, ಕ್ಷಮಿಸಿ." ಕ್ಷಮೆ ಕೇಳುವ ರೀತಿ ಮಗನದೇ.

ಸೊಪ್ಪಿನ ಅಂಗಡಿಯ ಹಿಂದೆ, ಗೋಡೆಗೆ ಒರಗಿ ಯೋಚಿಸಿದೆ. ಆಮೇಲೆ ಹೇಳಿಕೊಟ್ಟೆ: 'ಆಡಿದ ಮಾತು ಉಳಿಸಿಕೊ ಮಗನೇ. ನಿನ್ನ ಅಮ್ಮ ಉಳಿಸಿಕೊಂಡಿದ್ದಾಳೆ.' ಅವರು ಮತ್ತೆ ಮತ್ತೆ ಹೇಳಿದರು. ಬೇಗ ಬೇಗ ಹೇಳುತ್ತಿದ್ದರು, ರೋಗಿಗೆ ಬಾಯಿ ಅಗಲಿಸಿ ಎನ್ನುವ ಹಾಗೆ. ನಿಧಾನವಾಗಿ ಎಂದೆ. 'ಮಗನೇ' ಆದ ಮೇಲೆ ಕೆಮ್ಮಬೇಕು ಎಂದೆ.

"ನನಗೆ ಕೆಮ್ಮಿಲ್ಲವಲ್ಲ."

"ಎರಡನೆಯ ಅಧ್ಯಾಯದಿಂದ ಇದೆ, ಸರ್."

ಅವರು ಕೆಮ್ಮಿ ನೋಡಿದರು. ಇನ್ನೂ ಆಳದಿಂದ ಬರಬೇಕು ಎಂದೆ. ಸೊಪ್ಪಿನವಳು, "ಅಕ್ಕ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದಳು. ತಂದೆಗೆ ಎಂದೆ.

ನವೆಂಬರ್ ೨೫, ಮಂಗಳವಾರ

ಉಳಿಯಿತು. ನಿನ್ನೆ ರಾತ್ರಿಯೇ ಮಂಡಳಿಯ ಪತ್ರ ಬಂದಿದೆ: ಬೆಂಗಳೂರಿನ ಆಫೀಸು ಮುಂದುವರಿಯುತ್ತದೆ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಬಸವಪ್ರಸಾದ್ ಮೈಸೂರು ಪಾಕ್ ಹಂಚಿ ಮುಗಿಸಿದ್ದರು. ಲತಾಮಣಿ ನನ್ನ ಪಾಲನ್ನು ಟಿಶ್ಯೂನಲ್ಲಿ ಸುತ್ತಿ ಇಟ್ಟಿದ್ದಳು. ಅಗ್ನೆಶ್ಕಾಳ ಮೆಸೇಜುಗಳು ಬಂದಿವೆ. ನಾಳೆ ನೋಡಬೇಕು.

ಪುಸ್ತಕದ ಎರಡನೆಯ ಮುದ್ರಣಕ್ಕೆ ಕಂಪನಿಯೇ ಒಪ್ಪಿದೆ. ಎಡಿನ್‌ಬರೊದ ಎಲ್ಲ ನೌಕರರಿಗೂ ಹಂಚುತ್ತಾರಂತೆ. ತಂದೆಯ ಕೊನೆಯ ಮಾತನ್ನು ಸೇರಿಸಿದೆ. ಮಾವ ಓದಿ, ಇದು ಮೊದಲೇ ಇರಬೇಕಿತ್ತು ಎಂದರು.

ಸಂಜೆ ವಾಲ್ಟರ್ ರಟ್ರೇಯವರು ಫೋನ್ ಮಾಡಿದರು. ಭಾನುವಾರ ಊಟದ ಮಧ್ಯೆ ಮಾತು ಹೇಳಿದರಂತೆ, ಕೆಮ್ಮು ಚೆನ್ನಾಗಿ ಬಂತಂತೆ. ಡೂಗಿ ಚಮಚ ಕೆಳಗಿಟ್ಟು ಜೇಬಿನ ಮೇಲೆ ಕೈ ಇಟ್ಟುಕೊಂಡನಂತೆ. ಮುಂದಿನ ಭಾನುವಾರವೂ ಬರುತ್ತೇನೆ ಎಂದಿದ್ದಾನೆ. ಆಮೇಲೆ ಕೇಳಿದರು.

"ಒಂದು ವಿನಂತಿ. ಕೆಲಸ ಆಯಿತಲ್ಲ. ಎರಡನೆಯ ಮುದ್ರಣದಲ್ಲಿ ನಾನು ಬದುಕಿರಬಹುದೇ? ದೊಡ್ಡ ಪಾತ್ರ ಬೇಡ. ಒಂದು ಮೂಲೆಯಲ್ಲಿ ಕೂತಿರುತ್ತೇನೆ. ಯಾರಿಗೂ ತೊಂದರೆ ಕೊಡುವುದಿಲ್ಲ."

ಯೋಚಿಸಲು ಸಮಯ ಕೇಳಿದೆ. ಅವರು ಲೈನಿನಲ್ಲೇ ಕಾದರು. ಆತುರಪಡದೆ, ಎಲ್ಲ ಕಡೆಯಿಂದಲೂ ನೋಡಿದೆ. ಅವರು ಬದುಕಿದ್ದರೆ ತಾಯಿ ಹೊಲಿಯುವುದಿಲ್ಲ. ತಾಯಿ ಹೊಲಿಯದಿದ್ದರೆ ಜೇಬು ಬೇರೆ ಬಣ್ಣದ್ದಾಗುವುದಿಲ್ಲ. ಮನೆಯಲ್ಲಿ ಗಂಡಸಿದ್ದ ಮೇಲೆ ಅವಳು ಒಬ್ಬಳೇ ಗೇಟಿನ ಹತ್ತಿರ ಟಾರ್ಚ್ ಹಿಡಿದು ನಿಲ್ಲಬೇಕಾಗಿಲ್ಲ. ಆ ಹುಡುಗನೇ ಇರುವುದಿಲ್ಲ, ಭಾನುವಾರ ಊಟಕ್ಕೆ ಬರುವವರೂ ಇರುವುದಿಲ್ಲ, ನಮ್ಮ ಆಫೀಸೂ ಇರುವುದಿಲ್ಲ.

ಆಗುವುದಿಲ್ಲ ಎಂದು ತೊಂಬತ್ತು ವರ್ಷದವರಿಗೆ ನೇರವಾಗಿ ಹೇಳಲು ಬಾಯಿ ಬರಲಿಲ್ಲ. ಕೆಮ್ಮನ್ನು ಸ್ವಲ್ಪ ಕಡಿಮೆ ಮಾಡಿಕೊಡುತ್ತೇನೆ ಎಂದೆ.

ಥ್ಯಾಂಕ್ಯೂ ಎಂದರು.